ಕೊಡವರ ಐನ್‌ಮನೆಯ, ಅಂದರೆ ಕುಟುಂಬದ ಮೂಲಮನೆಯ, ಗುಡಿಯಾದ ಕೈಮಡದ ಬಳಿ ಕತ್ತಲಾದ ಮೇಲೆ ಹೋಗಲು ಭಯ. ಇದನ್ನು ಕಳೆಯುವುದು ಹೇಗೆ?

ಅಲ್ಲಿ ಯಾರನ್ನು ನೆನೆಯುತ್ತಾರೆ ಎಂಬುದನ್ನು ಮನೆಯ ಹಿರಿಯರಿಂದ ಕೇಳಿ ತಿಳಿದುಕೊಳ್ಳಿ, ಭಯ ಸಡಿಲವಾಗುತ್ತದೆ. ಹೆಸರು, ಮುಖ ಇಲ್ಲದ ನೆರಳನ್ನು ಮನಸ್ಸು ಅಪಾಯವೆಂದೇ ಎಣಿಸುತ್ತದೆ. ಆದರೆ ಕೈಮಡ ದೆವ್ವದ ಜಾಗವಲ್ಲ, ಒಕ್ಕದ, ಅಂದರೆ ಒಂದೇ ಮೂಲದ ಕುಟುಂಬದ, ಮೂಲಪುರುಷನಾದ ಗುರು ಕಾರೋಣನ ಗುಡಿ. ‘ಕಾರೋಣಂಗ್ ಕೊಡ್ಪ’ ದಿನ ಬಾಳೆಲೆಯಲ್ಲಿ ಹಿರಿಯರಿಗೆ ಎಡೆ ಇಡುವುದನ್ನು ಹತ್ತಿರ ನಿಂತು ನೋಡಿ: ಅನ್ನ, ಮಾಂಸದ ಅಡುಗೆ, ಪಕ್ಕದಲ್ಲಿ ಮದ್ಯ. ಮನೆಗೆ ಬಂದ ನೆಂಟರಿಗೆ ಬಡಿಸಿದ ಹಾಗೆಯೇ ಇರುತ್ತದೆ. ಆತ್ಮ ಇದೆಯೋ ಇಲ್ಲವೋ ಎಂದು ಈಗಲೇ ತೀರ್ಮಾನಿಸಬೇಕಾಗಿಲ್ಲ. ಮೊದಲು ಬೆಳಕಿರುವಾಗ ಅಜ್ಜಿಯ ಜೊತೆ ಹೋಗಿ ದೀಪ ಹಚ್ಚಿ. ಆಮೇಲೆ ದಿನಕ್ಕಿಷ್ಟು ತಡವಾಗಿ, ಕೊನೆಗೆ ಒಬ್ಬರೇ. ನಿದ್ದೆಗೆಡುವಷ್ಟು ಭಯವಿದ್ದರೆ ಮಾತ್ರ ದಯವಿಟ್ಟು ಮನೋವೈದ್ಯರನ್ನು ಕಾಣಿ.