ಯಾರಿಗೂ ಏನೂ ಆಗಿಲ್ಲವೆಂದು ಸುಮ್ಮನಿರಬಹುದೇ?

ಪ್ರಶ್ನೆ: ನನ್ನ ಮಗಳು ಇಂಗ್ಲೆಂಡಿನ ರಾಷ್ಟ್ರೀಯ ಆರೋಗ್ಯ ಸೇವೆಯ, ಅಂದರೆ ಎನ್‌ಎಚ್‌ಎಸ್‌ನ, ಆಸ್ಪತ್ರೆಯೊಂದರಲ್ಲಿ ನರ್ಸ್. ರಾತ್ರಿ ಪಾಳಿಯಲ್ಲಿ, ನೋಡಲು ಒಂದೇ ತರಹ ಇರುವ ಎರಡು ಔಷಧಗಳಲ್ಲಿ ತಪ್ಪಾದದ್ದನ್ನು ಸಿರಿಂಜಿಗೆ ತುಂಬಿಕೊಂಡುಬಿಟ್ಟಳು. ರೋಗಿಗೆ ಕೊಡುವ ಮೊದಲೇ ಗಮನಕ್ಕೆ ಬಂತು. ಇದನ್ನು ವರದಿ ಮಾಡುತ್ತೇನೆ ಎನ್ನುತ್ತಿದ್ದಾಳೆ. ಯಾರಿಗೂ ಏನೂ ಆಗಿಲ್ಲವಲ್ಲ, ಪರದೇಶದಲ್ಲಿ ಕೆಲಸಕ್ಕೆ ಕುತ್ತು ತಂದುಕೊಳ್ಳುವುದೇಕೆ ಎಂಬುದು ನಮ್ಮ ಭಯ.

ಉತ್ತರ: ನಿಮ್ಮ ಮಗಳು ಹೇಳುತ್ತಿರುವುದೇ ಸರಿ. ದಯವಿಟ್ಟು ತಡೆಯಬೇಡಿ. ಆಕೆಯ ಎಚ್ಚರದಿಂದ ಒಬ್ಬ ರೋಗಿ ಪಾರಾದರು, ಆದರೆ ಆ ಎರಡು ಔಷಧಗಳು ಅದೇ ಕಪಾಟಿನಲ್ಲಿ ಈಗಲೂ ಅಕ್ಕಪಕ್ಕದಲ್ಲಿಯೇ ಇವೆ. ನಾಳೆ ರಾತ್ರಿ ದಣಿದ ಇನ್ನೊಬ್ಬರು ಅಲ್ಲಿಗೆ ಕೈ ಹಾಕುತ್ತಾರೆ. ಯಾರಿಗೂ ಏಟಾಗದೆ ತಪ್ಪಿಹೋದ ಅವಘಡವೇ ಆಸ್ಪತ್ರೆಗೆ ಸಿಗುವ ಅತ್ಯಂತ ಅಗ್ಗದ ಪಾಠ. ಅದನ್ನು ಮುಚ್ಚಿಟ್ಟರೆ ಮುಂದಿನ ಪಾಠಕ್ಕೆ ಒಬ್ಬರ ಜೀವವೇ ಬೆಲೆಯಾಗಬಹುದು.

ಸಾಂದ್ರ ಪೊಟ್ಯಾಸಿಯಂ ಕ್ಲೋರೈಡ್ ದ್ರಾವಣವನ್ನೇ ತೆಗೆದುಕೊಳ್ಳಿ. ನೇರವಾಗಿ ರಕ್ತನಾಳಕ್ಕೆ ಹೋದರೆ ಹೃದಯವನ್ನೇ ನಿಲ್ಲಿಸಬಲ್ಲದು, ನೋಡಲು ಮಾತ್ರ ಸಾಮಾನ್ಯ ಲವಣದ ನೀರಿನಂತೆಯೇ ಇರುತ್ತದೆ. ಆಗಿದ್ದ ರಾಷ್ಟ್ರೀಯ ರೋಗಿ ಸುರಕ್ಷತಾ ಸಂಸ್ಥೆಯು 2002ರ ಜುಲೈನಲ್ಲಿ ಹೊರಡಿಸಿದ ಮೊದಲ ಎಚ್ಚರಿಕೆ ಇದರ ಬಗ್ಗೆಯೇ ಇತ್ತು. ಅದು ನರ್ಸುಗಳಿಗೆ ಹುಷಾರು ಹೇಳಿ ಕೈತೊಳೆದುಕೊಳ್ಳಲಿಲ್ಲ. ಸಾಂದ್ರ ದ್ರಾವಣವನ್ನು ಸಾಮಾನ್ಯ ವಾರ್ಡುಗಳಿಂದಲೇ ತೆಗೆಯಿರಿ, ಸಾಧ್ಯವಾದಲ್ಲೆಲ್ಲ ಮೊದಲೇ ತೆಳುಮಾಡಿದ ದ್ರಾವಣ ಬಳಸಿ ಎಂದಿತು. ವಿನ್‌ಕ್ರಿಸ್ಟೀನ್ ಎಂಬ ಕ್ಯಾನ್ಸರ್ ಔಷಧದ ಕಥೆ ಇನ್ನೂ ನೋವಿನದು. ರಕ್ತನಾಳಕ್ಕೆ ಮಾತ್ರ ಕೊಡಬೇಕಾದ ಅದು ಬೆನ್ನುಹುರಿಯ ದ್ರವಕ್ಕೆ ಸೇರಿದರೆ ಬದುಕುವವರು ಬಹಳ ವಿರಳ. 2001ರಲ್ಲಿ ನಾಟಿಂಗ್‌ಹ್ಯಾಮ್‌ನಲ್ಲಿ 18 ವರ್ಷದ ಹುಡುಗನೊಬ್ಬ ಹೀಗೆಯೇ ತೀರಿಕೊಂಡ. ತನಿಖೆ ನಡೆದಾಗ ಒಂದರ ಹಿಂದೆ ಒಂದಾಗಿ ಕೂಡಿಬಂದ ಲೋಪಗಳ ಸರಣಿಯೇ ಕಂಡಿತು. ಬೆನ್ನಿಗೆ ಕೊಡುವ ಔಷಧವೂ ರಕ್ತನಾಳಕ್ಕೆ ಕೊಡುವ ಔಷಧವೂ ಸಿರಿಂಜಿನಲ್ಲಿಯೇ ಬರುತ್ತಿರುವವರೆಗೆ ಎಚ್ಚರಿಕೆಯ ಚೀಟಿ ಎಷ್ಟು ಅಂಟಿಸಿದರೂ ಅಪಾಯ ಉಳಿದೇ ಇರುತ್ತದೆ. 2008ರಲ್ಲಿ ವಯಸ್ಕರ ವಿಭಾಗಗಳಿಗೆ ಈ ಔಷಧವನ್ನು ಸಿರಿಂಜಿನ ಬದಲು ಸಣ್ಣ ಡ್ರಿಪ್ ಚೀಲದಲ್ಲಿ ಕೊಡುವಂತೆ ಸೂಚಿಸಲಾಯಿತು. ಚೀಲವನ್ನು ಬೆನ್ನಿಗೆ ಜೋಡಿಸಲು ಯಾರ ಕೈಯೂ ಹೋಗುವುದಿಲ್ಲ. ತಪ್ಪು ಮಾಡಿದವರನ್ನು ಮನೆಗೆ ಕಳುಹಿಸಿ, ತಪ್ಪಿಗೆ ದಾರಿ ಮಾಡಿಕೊಟ್ಟ ವ್ಯವಸ್ಥೆಯನ್ನು ಹಾಗೆಯೇ ಬಿಡುವುದು ನನ್ನ ಪ್ರಕಾರ ರೋಗಿಗಳಿಗೆ ಬಗೆಯುವ ದ್ರೋಹ.

ಇನ್ನು ನಿಮ್ಮ ಭಯದ ವಿಚಾರ. ಅದು ಆಧಾರವಿಲ್ಲದ್ದು ಎನ್ನಲಾರೆ. ಇಂಗ್ಲೆಂಡಿನ ಸ್ಟ್ಯಾಫರ್ಡ್ ಆಸ್ಪತ್ರೆಯಲ್ಲಿ 2005ರಿಂದ 2009ರವರೆಗೆ ರೋಗಿಗಳು ಕುಡಿಯುವ ನೀರು ಕೈಗೆಟುಕದೆ, ಮಲಿನವಾದ ಹಾಸಿಗೆಯಲ್ಲಿಯೇ ಮಲಗಿ ನರಳಿದರು. ದನಿಯೆತ್ತಿದ ಸಿಬ್ಬಂದಿಗೆ ಬೆದರಿಕೆಯೇ ಉತ್ತರವಾಗಿತ್ತು. 2013ರಲ್ಲಿ ಬಂದ ರಾಬರ್ಟ್ ಫ್ರಾನ್ಸಿಸ್ ವಿಚಾರಣಾ ವರದಿಯ 290 ಶಿಫಾರಸುಗಳ ಹಿಂದೆ ಇರುವುದು ಈ ಸಂಕಟ. ಅಲ್ಲಿಂದೀಚೆಗೆ ಬಹಳಷ್ಟು ಬದಲಾಗಿದೆ. 2022ರಲ್ಲಿ ಬಂದ ಎನ್‌ಎಚ್‌ಎಸ್‌ನ ಹೊಸ ಚೌಕಟ್ಟಿನಲ್ಲಿ ಘಟನೆಯ ಪರಿಶೀಲನೆಯ ಉದ್ದೇಶ ಕಲಿಕೆಯೇ ಹೊರತು ಯಾರ ತಲೆಗೆ ಕಟ್ಟಬೇಕೆಂಬುದಲ್ಲ. ಬೇಕೆಂದೇ ಮಾಡಿದ ಕೇಡು ಅಥವಾ ಅಪರಾಧದ ಮಾತು ಬೇರೆ; ನಿಮ್ಮ ಮಗಳದು ಅದಲ್ಲ. ಹಾಗಿದ್ದರೂ ಎಲ್ಲ ವಾರ್ಡುಗಳೂ ಒಂದೇ ಸಮ ಬದಲಾಗಿಲ್ಲ. ಮೇಲಿನವರು ಗದರಿಸಿದರೆ ಪ್ರತಿ ಟ್ರಸ್ಟಿನಲ್ಲಿಯೂ, ಅಂದರೆ ಆಸ್ಪತ್ರೆಗಳನ್ನು ನಡೆಸುವ ಎನ್‌ಎಚ್‌ಎಸ್ ಸಂಸ್ಥೆಯಲ್ಲಿಯೂ, ಸಿಬ್ಬಂದಿಯ ಅಹವಾಲು ಕೇಳಲು ನೇಮಕವಾಗಿರುವ ‘ಫ್ರೀಡಂ ಟು ಸ್ಪೀಕ್ ಅಪ್ ಗಾರ್ಡಿಯನ್’ ಬಳಿ ಹೋಗಲಿ, ತನ್ನ ಸಂಘಕ್ಕೂ ತಿಳಿಸಲಿ. ವರದಿಯಲ್ಲಿ ‘ಗಮನ ತಪ್ಪಿತು’ ಎಂದಷ್ಟೇ ಬರೆಯಬಾರದು. ಪೆಟ್ಟಿಗೆಗಳ ಬಣ್ಣ, ಅಕ್ಷರ, ಇಟ್ಟ ಜಾಗ, ಬೆಳಕು, ಆ ರಾತ್ರಿ ಎಷ್ಟು ಮಂದಿ ಇದ್ದರು, ನಡುವೆ ಯಾರಾದರೂ ಕರೆದರೇ, ಎಲ್ಲವನ್ನೂ ಬರೆಯಲಿ. ಸರಿಪಡಿಸಲು ಸಾಧ್ಯವಾಗುವುದು ಅವನ್ನೇ.

ಪ್ರಶ್ನೆ: ನನ್ನ ಪತಿ ಇಲ್ಲಿನ ಎನ್‌ಎಚ್‌ಎಸ್ ವಾರ್ಡಿನಲ್ಲಿದ್ದಾರೆ. ಅವರು ದಿನದಿಂದ ದಿನಕ್ಕೆ ಕುಗ್ಗುತ್ತಿದ್ದಾರೆ ಎಂದು ನನಗನ್ನಿಸುತ್ತದೆ. ‘ಅಂಕ ಚೆನ್ನಾಗಿದೆ’ ಎನ್ನುತ್ತಾರೆ. ನಾನು ಮತ್ತೆ ಮತ್ತೆ ಕೇಳಿದರೆ ಕಿರಿಕಿರಿಯಾಗುತ್ತದೇನೋ.

ಉತ್ತರ: ಕಿರಿಕಿರಿಯಾದರೆ ಆಗಲಿ, ಕೇಳಿ. ಅವರು ಹೇಳುವುದು ರೋಗಿಯ ಸ್ಥಿತಿ ಕುಸಿಯುತ್ತಿದೆಯೇ ಎಂದು ಎಚ್ಚರಿಸುವ ಅಂಕ, ಹೆಚ್ಚಾದಷ್ಟೂ ಅಪಾಯ. ಅದನ್ನು ಉಸಿರಾಟದ ವೇಗ, ರಕ್ತದಲ್ಲಿನ ಆಮ್ಲಜನಕ, ರಕ್ತದೊತ್ತಡ, ನಾಡಿ, ಮೈಬಿಸಿ, ಪ್ರಜ್ಞಾಸ್ಥಿತಿಗಳನ್ನು ನೋಡಿ ಲೆಕ್ಕ ಹಾಕುತ್ತಾರೆ. ಒಟ್ಟು 5 ಅಥವಾ ಅದಕ್ಕಿಂತ ಹೆಚ್ಚಾದರೆ ತುರ್ತಾಗಿ ನೋಡಬೇಕು, 7 ಅಥವಾ ಅದಕ್ಕಿಂತ ಹೆಚ್ಚಾದರೆ ತೀರಾ ತುರ್ತು. ಬಹಳ ಉಪಯುಕ್ತ ಸಾಧನ. ಆದರೆ ಇದರಲ್ಲಿ ನಿಮ್ಮಿಂದ ಮಾತ್ರ ಸಿಗುವ ಒಂದು ಮಾಹಿತಿ ಇದೆ. ಹೊಸದಾಗಿ ಕಾಣಿಸಿಕೊಂಡ ಗೊಂದಲಕ್ಕೆ ಒಮ್ಮೆಲೇ 3 ಅಂಕ. ನಿಮ್ಮ ಪತಿ ಕನ್ನಡದಲ್ಲಿ ತಡವರಿಸುತ್ತಿದ್ದರೆ ಅದು ನರ್ಸಿಗೆ ಗೊತ್ತಾಗುವುದಾದರೂ ಹೇಗೆ? ಹೇಳಬೇಕಾದವರು ನೀವೇ. ‘ಚೆನ್ನಾಗಿಲ್ಲ’ ಎಂದರೆ ಸಾಲದು. ‘ನಿನ್ನೆ ಮಕ್ಕಳ ಹೆಸರು ಹಿಡಿದು ಮಾತನಾಡಿದರು, ಇಂದು ಎಲ್ಲಿದ್ದೇನೆಂದೇ ಅವರಿಗೆ ತಿಳಿಯುತ್ತಿಲ್ಲ, ಇದು ಹೊಸದು’ ಎನ್ನಿ.

ಆಗಲೂ ಕಿವಿಗೊಡದಿದ್ದರೆ ‘ಮಾರ್ಥಾ ನಿಯಮ’ದಡಿ ಪರಿಶೀಲನೆ ಬೇಕೆಂದು ಕೇಳಿ. 2021ರಲ್ಲಿ ಲಂಡನ್ನಿನ ಆಸ್ಪತ್ರೆಯೊಂದರಲ್ಲಿ 13 ವರ್ಷದ ಮಾರ್ಥಾ ಮಿಲ್ಸ್ ಸೆಪ್ಸಿಸ್‌ನಿಂದ, ಅಂದರೆ ಸೋಂಕಿಗೆ ದೇಹವೇ ತೋರುವ ಮಾರಕ ಪ್ರತಿಕ್ರಿಯೆಯಿಂದ, ತೀರಿಕೊಂಡಳು. ತಂದೆತಾಯಿ ವ್ಯಕ್ತಪಡಿಸಿದ ಆತಂಕಕ್ಕೆ ಬೆಲೆ ಸಿಕ್ಕಿರಲಿಲ್ಲ. ತೀವ್ರ ನಿಗಾ ಘಟಕಕ್ಕೆ ಬೇಗ ಸಾಗಿಸಿದ್ದರೆ ಆಕೆ ಬದುಕುವ ಸಂಭವವಿತ್ತೆಂದು ಮರಣ ವಿಚಾರಣೆ ಹೇಳಿತು. ತಂದೆತಾಯಿಯ ಹೋರಾಟದ ಫಲವಾಗಿ 2024ರಲ್ಲಿ 143 ಆಸ್ಪತ್ರೆಗಳಲ್ಲಿ ಈ ನಿಯಮ ಆರಂಭವಾಗಿ ಆಮೇಲೆ ವಿಸ್ತರಿಸಿತು. ಹಗಲಿರುಳೆನ್ನದೆ ಬೇರೊಂದು ತಂಡ ಬಂದು ರೋಗಿಯನ್ನು ನೋಡುವಂತೆ ಕುಟುಂಬದವರೇ ಕರೆ ಮಾಡಬಹುದು. ಅದರ ಸಂಖ್ಯೆಯನ್ನು ವಾರ್ಡಿನಲ್ಲಿ ಇವತ್ತೇ ಕೇಳಿ ಬರೆದಿಟ್ಟುಕೊಳ್ಳಿ.

ಪ್ರಶ್ನೆ: ಅತ್ತೆಯವರು ವಾರ್ಡಿನಲ್ಲಿ ಬಿದ್ದು ಸೊಂಟದ ಮೂಳೆ ಮುರಿಯಿತು. ಆಸ್ಪತ್ರೆಯವರು ಕ್ಷಮೆ ಕೇಳಿ ಪತ್ರ ಬರೆದಿದ್ದಾರೆ. ಒಪ್ಪಿಕೊಂಡರೆ ಮುಂದೆ ಪ್ರಶ್ನಿಸುವ ಹಕ್ಕು ಹೋಗುತ್ತದೆಯೇ?

ಉತ್ತರ: ಹೋಗುವುದಿಲ್ಲ. ಇಂತಹ ಹಾನಿಯಾದಾಗ ನಡೆದದ್ದನ್ನು ತಿಳಿಸಿ ಕ್ಷಮೆ ಕೇಳುವುದು 2014ರಿಂದ ಎನ್‌ಎಚ್‌ಎಸ್ ಟ್ರಸ್ಟುಗಳ ಕಾನೂನುಬದ್ಧ ಕರ್ತವ್ಯ. 2006ರ ಪರಿಹಾರ ಕಾಯ್ದೆಯ ಪ್ರಕಾರ ಕ್ಷಮೆ ಕೇಳಿದ ಮಾತ್ರಕ್ಕೆ ನಿರ್ಲಕ್ಷ್ಯವನ್ನು ಒಪ್ಪಿಕೊಂಡಂತೆಯೂ ಅಲ್ಲ. ಹಾಗಾಗಿ ಕ್ಷಮೆಯನ್ನು ಮನಸಾರೆ ಸ್ವೀಕರಿಸಬಹುದು, ಪ್ರಶ್ನೆಗಳನ್ನೂ ಬಿಡಬೇಕಾಗಿಲ್ಲ. ಬೀಳುವ ಅಪಾಯವನ್ನು ಮೊದಲೇ ಅಂದಾಜು ಮಾಡಿದ್ದರೇ, ಕರೆಗಂಟೆ ಕೈಗೆಟುಕುವಂತಿತ್ತೇ, ಅತ್ತೆಯವರು ಕರೆದು ಎಷ್ಟು ಹೊತ್ತು ಕಾಯ್ದಿದ್ದರು ಎಂದು ಬರವಣಿಗೆಯಲ್ಲಿ ಕೇಳಿ, ಪರಿಶೀಲನೆಯಲ್ಲಿ ಇವನ್ನೂ ಸೇರಿಸಬೇಕೆಂದು ಒತ್ತಾಯಿಸಿ. ದೂರು ಕೊಡಲು ಸಾಮಾನ್ಯವಾಗಿ 12 ತಿಂಗಳು, ಪರಿಹಾರದ ದಾವೆ ಹೂಡಲು 3 ವರ್ಷ ಕಾಲಾವಕಾಶವಿದೆ. ಅತ್ತೆಯವರು ಸ್ವಲ್ಪ ಚೇತರಿಸಿಕೊಂಡ ಮೇಲೆ ಅವರಿಗೆ ನೆನಪಿರುವುದನ್ನು ಅವರ ಮಾತಿನಲ್ಲಿಯೇ ಬರೆದುಕೊಂಡು ಪತ್ರದ ಜೊತೆಗೆ ಇಡಿ.