ಬ್ರಾಂಡೆಡ್ ತಗೊಳ್ಳೋದಾ, ಅಸೆಂಬಲ್ ಮಾಡ್ಸೋದಾ?

ಪ್ರಶ್ನೆ: ಸರ್, ಗುಬ್ಬೀಲಿ ನಂದೊಂದು ಚಿಕ್ಕ ಜೆರಾಕ್ಸ್ ಅಂಗಡಿ, ಆನ್‌ಲೈನ್ ಅರ್ಜಿ, ಪಹಣಿ, ಲಗ್ನಪತ್ರಿಕೆ ಡಿಟಿಪಿ ಎಲ್ಲ ಮಾಡ್ತೀನಿ. ಹಳೇ ಕಂಪ್ಯೂಟರ್ ಸಿಸ್ಟಮ್ ಕೆಟ್ಟೋಯ್ತು, ಮಾನಿಟರ್ ಮಾತ್ರ ಚೆನ್ನಾಗಿದೆ. ಮಗ ತುಮಕೂರಲ್ಲಿ ಬಿಇ ಓದ್ತಾ ಇದಾನೆ, ದಿನಾ ಬಸ್ಸಲ್ಲಿ ಓಡಾಡ್ತಾನೆ. ಅಸೆಂಬಲ್ ಮಾಡೋಣಪ್ಪ, ನಾನೇ ಜೋಡಿಸ್ತೀನಿ ಅಂತಾನೆ. ನಂಗೆ ಕಂಪ್ನಿದೇ ನೆಮ್ಮದಿ ಅನ್ಸುತ್ತೆ. ಯಾವ್ದು ಸರಿ?

ಉತ್ತರ: ರೇಟ್ ಆಮೇಲೆ ನೋಡೋಣ ಸರ್, ಮೊದ್ಲು ಸಿಸ್ಟಮ್ ನಿಂತೋದ ದಿನ ಅದನ್ನ ಯಾರು ಬಿಚ್ತಾರೆ ಅಂತ ಯೋಚ್ನೆ ಮಾಡಿ. ನಿಮ್ಮನೇಲಿ ಸಾಯಂಕಾಲ ಬಂದು ಬಿಚ್ಚೋನು ಇದಾನೆ, ಹಂಗಾಗಿ ನಾನು ಮಗನ ಕಡೆ. ಬ್ರಾಂಡೆಡ್‌ದು ಕೆಟ್ಟದ್ದೇನಲ್ಲ, ಹೆಚ್ಚಿನವಕ್ಕೆ ವಿಂಡೋಸ್ ಜೊತೇಲೇ ಬರತ್ತೆ, ವಾರಂಟಿಗೆ ಒಂದೇ ಫೋನ್ ನಂಬರ್ರು, ಆದ್ರೆ ಕೆಲವು ಮಾಡೆಲ್‌ಗಳಲ್ಲಿ ಎಸ್‌ಎಂಪಿಎಸ್ (ಒಳಗಿನ ಪಾರ್ಟ್‌ಗಳಿಗೆ ಕರೆಂಟ್ ಕೊಡೋ ಡಬ್ಬಿ) ಸೈಜು, ಪಿನ್ನು ಎಲ್ಲ ಅವ್ರದ್ದೇ ಅಳತೆ ಇರತ್ತೆ, ವಾರಂಟಿ ಮುಗಿದ್ಮೇಲೆ ಅದು ಹೋದ್ರೆ ಅಂಗಡೀಲಿ ಸಿಗೋ ಮಾಮೂಲಿ ಎಸ್‌ಎಂಪಿಎಸ್ ಕೂರಲ್ಲ, ಪಾರ್ಟ್ ಬರೋವರೆಗೂ ಕಾಯ್ಬೇಕು, ಅಷ್ಟು ದಿನ ನಿಮ್ಮ ಅಂಗಡಿ ಬಾಗ್ಲು ಹಾಕ್ದಂಗೇನೇ. ಅಸೆಂಬಲ್ ಆದ್ರೆ ಮಗ ಬರ್ತಾ ತುಮಕೂರು ಬಿ.ಎಚ್. ರೋಡಲ್ಲಿ ಒಂದು ತಗೊಂಡ್ ಬಂದು ಹಾಕ್ತಾನೆ.

ಆದ್ರೆ ಎಸ್‌ಎಂಪಿಎಸ್ ವಿಷಯದಲ್ಲಿ ಮಾತ್ರ ದುಡ್ಡು ಉಳ್ಸಕ್ಕೆ ಹೋಗ್ಬೇಡಿ, ಕೈ ಮುಗಿದು ಹೇಳ್ತೀನಿ. ನನ್ನ ಮೊದಲ್ನೇ ಸಿಸ್ಟಮ್‌ಗೆ ಕ್ಯಾಬಿನೆಟ್ ಜೊತೆ ಫ್ರೀ ಬಂದಿದ್ದನ್ನೇ ಹಾಕಿದ್ದೆ. ನಮ್ಮ ಕಡೆ ಕರೆಂಟ್ ಗೊತ್ತಲ್ಲ, ತ್ರೀ ಫೇಸ್ ಬಂದು ಎಲ್ಲರ ಮೋಟ್ರು ಒಟ್ಟಿಗೆ ಆನ್ ಆದ ತಕ್ಷಣ ವೋಲ್ಟೇಜ್ ಧಸಕ್ಕಂತ ಇಳಿಯತ್ತೆ. ಒಂದಿನ ಸುಟ್ಟ ವಾಸ್ನೆ ಬಂತು, ಬಿಚ್ಚಿ ನೋಡಿದ್ರೆ ಕೆಪಾಸಿಟರ್‌ಗಳ ತಲೆ ಉಬ್ಬಿ ಕಂದು ರಸ ಕಾರಿತ್ತು, ಹೋಗ್ತಾ ಮದರ್‌ಬೋರ್ಡು, ಹಾರ್ಡ್ ಡಿಸ್ಕು ಎರಡನ್ನೂ ಕರ್ಕೊಂಡೋಯ್ತು. ಅದ್ರಲ್ಲಿದ್ದ ಕಸ್ಟಮರ್ ಫೈಲ್ ಒಂದೂ ವಾಪಸ್ ಸಿಗ್ಲಿಲ್ಲ, ಇವತ್ತಿಗೂ ಬೇಜಾರಿದೆ. ಅದಕ್ಕೇ 80 ಪ್ಲಸ್ ಬ್ರಾಂಜ್ ಮಾರ್ಕ್ (ಕರೆಂಟ್ ಕಮ್ಮಿ ಪೋಲು ಮಾಡತ್ತೆ ಅನ್ನೋ ಗುರುತು) ಇರೋ ಒಳ್ಳೇ ಕಂಪ್ನಿದು ಹಾಕ್ಸಿ, ಯುಪಿಎಸ್ ಇಡಿ, ಅರ್ತಿಂಗ್ ಚೆಕ್ ಮಾಡ್ಸಿ, ಕ್ಯಾಬಿನೆಟ್ ಮುಟ್ಟಿದ್ರೆ ಕೈ ಜುಂ ಅಂದ್ರೆ ಅರ್ತ್ ಸರಿ ಇಲ್ಲ ಅಂತಾನೇ ಲೆಕ್ಕ.

ಪ್ರೊಸೆಸರ್ ಹೆಸ್ರಲ್ಲಿ ಇಂಟೆಲ್‌ದು ಕೊನೇಗೆ ಎಫ್ ಅಂತಿದ್ರೆ ಒಳಗೆ ಗ್ರಾಫಿಕ್ಸ್ ಇರಲ್ಲ, ಬೇರೆ ಕಾರ್ಡ್ ಹಾಕ್ದೆ ಸ್ಕ್ರೀನೇ ಬರಲ್ಲ, ನಿಮಗೆ ಎಫ್ ಇಲ್ಲದ್ದೇ ಬೇಕು. ರ‍್ಯಾಮ್ 16 ಜಿಬಿ, ಎಸ್‌ಎಸ್‌ಡಿ (ಫೈಲ್ ಎಲ್ಲ ಇಡೋ ಡಿಸ್ಕು) 512 ಜಿಬಿ ಸಾಕು.

ಬೆಂಗಳೂರು ಎಸ್‌ಪಿ ರೋಡಿಗೆ ಹೋದ್ರೆ ವೆರೈಟಿ ಜಾಸ್ತಿ, ಆದ್ರೆ ಕಮ್ಮಿಗೆ ಐ5 (ಇಂಟೆಲ್ ಪ್ರೊಸೆಸರ್) ಸಿಸ್ಟಮ್ ಅಂದ್ರೆ ಯಾವ ಜನರೇಶನ್, ಅಂದ್ರೆ ಎಷ್ಟನೇ ತಲೆಮಾರಿಂದು ಅಂತ ಕೇಳಿ. 4ನೇ ಜನರೇಶನ್ ಹಳೇ ಪಾರ್ಟ್‌ಗೆ ಹೊಸ ಕ್ಯಾಬಿನೆಟ್ ಹಾಕಿ ಕೊಡೋರಿದಾರೆ. ಇಂಟೆಲ್‌ನಲ್ಲಿ 8ನೇ ಜನರೇಶನ್‌ಗಿಂತ ಹಳೇದಕ್ಕೆ, ಒಂದೆರಡು ಬಿಟ್ರೆ, ವಿಂಡೋಸ್ 11 ಸಪೋರ್ಟ್ ಇಲ್ಲ, ವಿಂಡೋಸ್ 10ರ ಮಾಮೂಲಿ ಸಪೋರ್ಟ್ (ಸೆಕ್ಯುರಿಟಿ ಅಪ್‌ಡೇಟ್) 2025ರ ಅಕ್ಟೋಬರ್ 14ಕ್ಕೇ ಮುಗೀತು. ಜನರ ಆಧಾರ್, ಬ್ಯಾಂಕ್ ಪಾಸ್‌ಬುಕ್ ಎಲ್ಲ ಸ್ಕ್ಯಾನ್ ಮಾಡೋ ಅಂಗಡಿ ನಿಮ್ದು, ಕ್ರ್ಯಾಕ್ ವಿಂಡೋಸ್ (ಲೈಸೆನ್ಸ್ ಇಲ್ಲದ ಕಳ್ಳ ಕಾಪಿ) ಅಂತೂ ಬೇಡವೇ ಬೇಡ.

ಬಿಲ್ ಬೇಡ ಅಂದ್ರೆ 18 ಪರ್ಸೆಂಟ್ ಜಿಎಸ್‌ಟಿ ಉಳಿಯತ್ತೆ ಅಂತಾರೆ, ಒಪ್ಬೇಡಿ. ಡಬ್ಬಿ ಸಮೇತ ಬರೋ ಪ್ರೊಸೆಸರ್‌ಗೆ 3 ವರ್ಷ ವಾರಂಟಿ ಇದೆ, ಕ್ಲೇಮ್ ಮಾಡಕ್ಕೆ ಬಿಲ್ಲು ಬೇಕಾಗತ್ತೆ. ಪ್ರತಿ ಪಾರ್ಟಿನ ಸೀರಿಯಲ್ ನಂಬರ್ ಬಿಲ್ಲಲ್ಲೇ ಬರೆಸ್ಕೊಳ್ಳಿ, ಡಬ್ಬಿಗಳನ್ನ ಅಟ್ಟದ ಮೇಲೆ ಎತ್ತಿಡಿ.

ಮಗ ಕೆಲಸ ಸಿಕ್ಕಿ ಊರು ಬಿಡೋ ಹೊತ್ತಿಗೆ ಎಸ್‌ಎಂಪಿಎಸ್, ರ‍್ಯಾಮ್ ಬದಲಾಯ್ಸೋದು ನೀವೂ ಕಲ್ತಿರಿ, ನಾಲ್ಕು ಸ್ಕ್ರೂ ಕೆಲಸ ಅಷ್ಟೇ, ಅವನು ಜೋಡಿಸ್ವಾಗ ಪಕ್ಕದಲ್ಲೇ ಕೂತ್ಕೊಳ್ಳಿ.