ಧ್ರುವ ಪ್ರದೇಶದ ಬಿರುಗಾಳಿಗಳಿಗೂ ಅಲ್ಲಿನ ಕಡಲಿನ ಮಂಜುಗಡ್ಡೆಗೂ ಏನು ಸಂಬಂಧ?

ಸಂಬಂಧ ಎರಡೂ ಕಡೆಯಿಂದ ಇದೆ. ಚಳಿಗಾಲದಲ್ಲಿ ಮಂಜುಗಡ್ಡೆಯ ಮೇಲಿನ ಕಡುಶೀತ ಗಾಳಿಯು ಅದರ ಅಂಚನ್ನು ದಾಟಿ, ನಾರ್ವೆಯ ಉತ್ತರಕ್ಕಿರುವ ಬ್ಯಾರೆಂಟ್ಸ್ ಸಮುದ್ರದ ಹೆಪ್ಪುಗಟ್ಟದ ನೀರಿನ ಮೇಲೆ ಬೀಸಿದಾಗ, ಶಾಖವನ್ನೂ ತೇವಾಂಶವನ್ನೂ ಹೀರಿಕೊಂಡು ಮೇಲೇಳುತ್ತದೆ. ಕೆಲವು ನೂರು ಕಿಲೋಮೀಟರ್ ಅಗಲದ ಅಲ್ಪಾಯುಷಿ ಬಿರುಗಾಳಿಗಳಿಗೆ ಬಲ ಸಿಗುವುದು ಹೀಗೆ. ನೆಲ ಮುಟ್ಟಿದೊಡನೆ ಅವು ಸೊರಗುತ್ತವೆ.

ಬೇಸಿಗೆಯಲ್ಲಿ ಬಿರುಗಾಳಿಯೇ ಮಂಜುಗಡ್ಡೆಯನ್ನು ಕೆಡಿಸುತ್ತದೆ. 2012ರ ಆಗಸ್ಟ್‌ನಲ್ಲಿ ಸೈಬೀರಿಯಾದ ಮೇಲೆ ಹುಟ್ಟಿ ಆರ್ಕ್ಟಿಕ್ ಸಾಗರಕ್ಕೆ ನುಗ್ಗಿದ ಬಿರುಗಾಳಿಯ ಕೇಂದ್ರದಲ್ಲಿ ಗಾಳಿಯ ಒತ್ತಡ (ಇದು ಇಳಿದಷ್ಟೂ ಬಿರುಗಾಳಿ ಬಲವಾಗಿರುತ್ತದೆ) ಸುಮಾರು 966 ಹೆಕ್ಟೋಪಾಸ್ಕಲ್‌ಗೆ ಕುಸಿದಿತ್ತು. ಅಲೆಗಳು ತೆಳುವಾದ ಹಾಸುಗಳನ್ನು ಒಡೆದವು, ಕೆಳಗಿದ್ದ ತುಸು ಬೆಚ್ಚನೆಯ ನೀರು ಕದಡಿ ಮೇಲೆ ಬಂದು ಆ ತುಂಡುಗಳನ್ನು ತಳದಿಂದಲೇ ಕರಗಿಸಿತು. ಆ ಸೆಪ್ಟೆಂಬರ್‌ನಲ್ಲಿ ಮಂಜುಗಡ್ಡೆಯ ವಿಸ್ತೀರ್ಣವು ಸುಮಾರು 34 ಲಕ್ಷ ಚದರ ಕಿಲೋಮೀಟರಿಗೆ ಇಳಿದು ದಾಖಲೆಯಾದದ್ದಕ್ಕೆ ಇದೊಂದನ್ನೇ ಹೊಣೆ ಮಾಡುವುದು ಸರಿಯಲ್ಲ. ಮಂಜುಗಡ್ಡೆ ಮೊದಲೇ ತೆಳುವಾಗಿತ್ತು.